ಕೇರಿಯ ವಯಸ್ಸು: ಎಂಟು ಹಂತಗಳ ಸಿದ್ಧಾಂತ ಮತ್ತು ದಲಿತ ಆತ್ಮಕಥನ

೧

ಈ ಬರಹವನ್ನು ಒಂದು ತರಗತಿಯ ಪ್ರಸಂಗದಿಂದ ಆರಂಭಿಸುತ್ತೇನೆ. ನಾನು ಓದಿದ್ದು ಕನ್ನಡ ಎಂ.ಎ. ಆದರೂ ಶಿಕ್ಷಕರಾಗಲು ಹೊರಟ ಹುಡುಗ ಹುಡುಗಿಯರಿಗೆ ಒಂದಷ್ಟು ದಿನ ಮನೋವಿಜ್ಞಾನದ ಪಾಠ ಹೇಳುವ ಸಂದರ್ಭ ಒದಗಿತು. ಅವತ್ತು ಎರಿಕ್ ಎರಿಕ್ಸನ್‌ನ ಎಂಟು ಹಂತಗಳ ಪಾಠ. ಹುಟ್ಟಿನಿಂದ ಸಾವಿನ ತನಕ ಮನುಷ್ಯನ ಮನಸ್ಸು ತನ್ನ ಸಮಾಜದ ಜೊತೆ ಗುದ್ದಾಡುತ್ತ ಹೇಗೆ ಬೆಳೆಯುತ್ತದೆ ಎಂದು ತೋರಿಸುವ ಕೋಷ್ಟಕವನ್ನು ಬೋರ್ಡಿನ ಮೇಲೆ ಬರೆದೆ. ಎಡಕ್ಕೆ ವಯಸ್ಸು, ಬಲಕ್ಕೆ ಆ ವಯಸ್ಸಿನ ಸಂಘರ್ಷ. ಬರೆದು ಮುಗಿಸುವ ಹೊತ್ತಿಗೆ ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ.

"ಸರ್, ನಮ್ಮ ತಾತ ಯಾವ ಹಂತದಾಗ ಅದಾನ್ರಿ?"

"ವಯಸ್ಸೆಷ್ಟು?"

"ಎಪ್ಪತ್ತು ದಾಟ್ಯಾವ್ರಿ."

"ಹಂಗಾದ್ರ ಎಂಟನೇದು. ಕೊನೇ ಹಂತ."

"ಅಲ್ರಿ ಸರ್, ಊರಾಗ ನಾಕನೇತ್ತ ಓದೋ ಹುಡುಗ ಸೈತ ಅವನಿಗೆ 'ಏ ಬಾರಲೇ ಇಲ್ಲಿ' ಅಂತಾನ್ರಿ. ಮತ್ತ ನಮ್ಮ ತಾತ ಇನ್ನಾ ದೊಡ್ಡಾವ ಆಗಿಲ್ಲೇನ್ರಿ?"

ತರಗತಿ ನಕ್ಕಿತು. ನಾನೂ ನಕ್ಕೆ. ಆಮೇಲೆ ಬೋರ್ಡಿನ ಕಡೆ ತಿರುಗಿ ನಿಂತವನಿಗೆ ಮುಂದಿನ ಸಾಲು ಹೇಳಲು ಬಾಯಿ ಬರಲಿಲ್ಲ. ಯಾಕೆಂದರೆ ಆ ಹುಡುಗ ಕೇಳಿದ್ದು ತಮಾಷೆಯ ಪ್ರಶ್ನೆಯಾಗಿರಲಿಲ್ಲ. ಅದು ನನ್ನ ಮನೆಯ ಪ್ರಶ್ನೆಯೂ ಆಗಿತ್ತು. ಈ ಬರಹ ಅವನಿಗೆ ಅವತ್ತು ಕೊಡಲಾಗದ ಉತ್ತರವನ್ನು ಹುಡುಕುವ ಯತ್ನ. ಹಾಗೆ ಹುಡುಕುತ್ತ ಹೋದಾಗ ನಮ್ಮ ಆತ್ಮಕಥೆಗಳನ್ನು ಓದುವ ಕ್ರಮದಲ್ಲೇ ಏನೋ ಐಬಿದೆ ಎಂಬುದು ಹೊಳೆಯಿತು. ದಲಿತ ವಿಮರ್ಶೆಯ ಈ ಸಂಚಿಕೆಗೆ ಅದನ್ನು ಬರೆಯುವ ಧೈರ್ಯ ಬಂದದ್ದು ಅದರಿಂದಲೇ.

೨

ಮೊದಲು ಎರಿಕ್ಸನ್‌ಗೆ ಸಲ್ಲಬೇಕಾದ ನ್ಯಾಯ ಸಲ್ಲಿಸೋಣ. ಪಶ್ಚಿಮದಿಂದ ಬಂದದ್ದೆಲ್ಲ ನಮಗೆ ಹೊಂದದ್ದು ಎಂದು ತಳ್ಳಿಹಾಕುವ ದೇಶೀವಾದದ ಹುನ್ನಾರ ನನಗೆ ಬೇಕಿಲ್ಲ. ಈತ ೧೯೦೨ರಲ್ಲಿ ಜರ್ಮನಿಯಲ್ಲಿ ಹುಟ್ಟಿದವನು. ತಾಯಿ ಡೆನ್ಮಾರ್ಕಿನ ಯೆಹೂದಿ. ಹೆತ್ತ ತಂದೆ ಯಾರೆಂದು ಇವನಿಗೆ ಕೊನೆತನಕ ಗೊತ್ತಾಗಲಿಲ್ಲ. ಸಾಕಿದ ತಂದೆಯ ಹೊಂಬರ್ಗರ್ ಎಂಬ ಹೆಸರಿನಲ್ಲಿ ಬೆಳೆದ. ಜರ್ಮನ್ ಶಾಲೆಯ ಹುಡುಗರಿಗೆ ಇವನು ಯೆಹೂದಿ, ಯೆಹೂದಿ ಹುಡುಗರಿಗೆ ಇವನ ಹೊಂಬಣ್ಣದ ಕೂದಲು ಕಂಡು ಪರಕೀಯ. ೧೯೩೩ರಲ್ಲಿ ನಾಜಿಗಳ ಕಾಲಕ್ಕೆ ಯುರೋಪು ಬಿಟ್ಟು ಅಮೆರಿಕಕ್ಕೆ ಹೋದ. ೧೯೩೯ರಲ್ಲಿ ಅಲ್ಲಿನ ಪ್ರಜೆಯಾದಾಗ 'ಎರಿಕ್ಸನ್' ಎಂಬ ಹೆಸರಿಟ್ಟುಕೊಂಡ. ಅಂದರೆ ಎರಿಕ್‌ನ ಮಗ. ತನ್ನ ಹೆಸರನ್ನು ತಾನೇ ಇಟ್ಟುಕೊಂಡು ತನಗೆ ತಾನೇ ಅಪ್ಪನಾದ ಮನುಷ್ಯ ಅನನ್ಯತೆಯ ಬಿಕ್ಕಟ್ಟಿನ ಬಗ್ಗೆ ಆಯುಷ್ಯಪೂರ್ತಿ ಬರೆದದ್ದು ಆಕಸ್ಮಿಕವಲ್ಲ.

೧೯೫೦ರಲ್ಲಿ ಬಂದ 'ಚೈಲ್ಡ್‌ಹುಡ್ ಅಂಡ್ ಸೊಸೈಟಿ'ಯಲ್ಲಿ ಆತ ಎಂಟು ಹಂತಗಳನ್ನು ಹೇಳುತ್ತಾನೆ. ಎದೆಹಾಲಿನ ಕೂಸಿಗೆ ನಂಬಿಕೆ ಮತ್ತು ಅಪನಂಬಿಕೆಯ ಸಂಘರ್ಷ. ನಡೆಯಲು ಕಲಿತ ಮಗುವಿಗೆ ಸ್ವಾಯತ್ತತೆ ಒಂದು ಕಡೆ, ನಾಚಿಕೆ ಸಂಶಯ ಇನ್ನೊಂದು ಕಡೆ. ಆಡುವ ವಯಸ್ಸಿನಲ್ಲಿ ತಾನೇ ಮುಂದಾಗುವ ಉಮೇದು ಮತ್ತು ತಪ್ಪಿತಸ್ಥ ಭಾವ. ಶಾಲೆಯ ವಯಸ್ಸಿನಲ್ಲಿ ಕೆಲಸ ಕಲಿಯುವ ಹುರುಪು ಮತ್ತು ಕೀಳರಿಮೆ. ಹರೆಯಕ್ಕೆ ಅನನ್ಯತೆ ಮತ್ತು ಪಾತ್ರಗೊಂದಲ. ಯೌವನಕ್ಕೆ ಆತ್ಮೀಯತೆ ಮತ್ತು ಒಂಟಿತನ. ನಡುವಯಸ್ಸಿಗೆ ಮುಂದಿನ ಪೀಳಿಗೆಯನ್ನು ಬೆಳೆಸುವ ಸಾರ್ಥಕತೆ ಮತ್ತು ಜಡತ್ವ. ಮುಪ್ಪಿಗೆ ಬಾಳಿನ ಸಮಗ್ರತೆ ಮತ್ತು ಹತಾಶೆ. ಫ್ರಾಯ್ಡ್ ಮನಸ್ಸಿನ ಕತೆಯನ್ನು ಬಹುಮಟ್ಟಿಗೆ ಬಾಲ್ಯದಲ್ಲೇ ಮುಗಿಸಿದರೆ, ಎರಿಕ್ಸನ್ ಅದನ್ನು ಸಾಯುವ ತನಕ ಎಳೆದ. ಮನಸ್ಸು ಬೆಳೆಯುವುದು ಸಮಾಜದ ಕೈಯಲ್ಲಿ ಎಂದ. ದಕ್ಷಿಣ ಡಕೋಟಾದ ಸಿಯೂ ಮೂಲನಿವಾಸಿ ಮಕ್ಕಳು ಬಿಳಿಯರ ಸರ್ಕಾರಿ ಶಾಲೆಯಲ್ಲಿ ಹೇಗೆ ಎರಡು ಲೋಕಗಳ ನಡುವೆ ಸಿಕ್ಕಿಕೊಂಡಿದ್ದರು ಎಂಬುದನ್ನು ಹೋಗಿ ನೋಡಿ ಬರೆದ. ಸಮಾಜ ಯಾರನ್ನು ಕೀಳು ಎನ್ನುತ್ತದೋ ಅವರು ಆ ಕೀಳು ಚಿತ್ರವನ್ನೇ ತಮ್ಮ ಗುರುತಾಗಿ ಹೊರುವ ಅಪಾಯವನ್ನು 'ನೇತ್ಯಾತ್ಮಕ ಅನನ್ಯತೆ' ಎಂದು ಕರೆದ. ಇಷ್ಟು ಮಟ್ಟಿಗೆ ಆತ ನಮ್ಮವನೇ.

ಆದರೆ ಈ ಎಂಟು ಮೆಟ್ಟಿಲುಗಳ ಹಿಂದೆ ಒಂದು ಪೂರ್ವಗ್ರಹೀತವಿದೆ. ಒಬ್ಬ ಮನುಷ್ಯನಿಗೆ ಒಂದು ಹೊತ್ತಿಗೆ ಒಂದೇ ವಯಸ್ಸು ಇರುತ್ತದೆ, ಮತ್ತು ಮೆಟ್ಟಿಲು ಏರಿದವನನ್ನು ಏರಿದ್ದಾನೆಂದು ಸಮಾಜ ಒಪ್ಪುತ್ತದೆ ಎಂಬುದೇ ಅದು. ನಮ್ಮ ಹುಡುಗನ ಪ್ರಶ್ನೆ ನೇರವಾಗಿ ಹೊಡೆದದ್ದು ಈ ಗಂಟಿಗೆ.

೩

ನನ್ನದು ಪಾಮನಕಲ್ಲೂರು. ಹಿಂದೆ ಲಿಂಗಸುಗೂರು ತಾಲ್ಲೂಕಿನಲ್ಲಿತ್ತು, ಈಗ ಮಸ್ಕಿ ತಾಲ್ಲೂಕು. ನಾರಾಯಣಪುರ ಬಲದಂಡೆಯ ೫ಎ ಕಾಲುವೆ ಬೇಕೆಂದು ೨೦೨೦ರಲ್ಲಿ ರೈತರು ಧರಣಿ ಕೂತ ಊರು ಎಂದರೆ ಕೆಲವರಿಗೆ ನೆನಪಾದೀತು. ಸಿಂಧನೂರಿನ ಕಡೆ ತುಂಗಭದ್ರೆಯ ಎಡದಂಡೆ ಕಾಲುವೆಯ ಭತ್ತ, ನಮ್ಮ ಕಡೆ ಮಳೆ ನಂಬಿದ ಜೋಳ, ತೊಗರಿ, ಹತ್ತಿ. ಮಳೆ ಕೈಕೊಟ್ಟರೆ ಗುಳೆ.

ನಮ್ಮ ಸೀಮೆಯಲ್ಲಿ ಊರಿಗೂ ಕೇರಿಗೂ ಒಂದೇ ಸಮನಾಗಿ ಇಡುವ ಹೆಸರು ಹನುಮಂತ. ಉದಾಹರಣೆಗೆ ಅದನ್ನೇ ತಗೊಳ್ಳಿ. ಊರೊಳಗಿನ ಉಳ್ಳವರ ಮನೆಯಲ್ಲಿ ಹುಟ್ಟಿದ ಹನುಮಂತ ಚಡ್ಡಿ ಹಾಕುವ ವಯಸ್ಸಿನಲ್ಲಿ 'ಹನುಮ್ಯಾ'. ಮೀಸೆ ಬರುವ ಹೊತ್ತಿಗೆ 'ಹನುಮಂತ'. ಮದುವೆಯಾದ ಮೇಲೆ 'ಹನುಮಂತಪ್ಪ'. ಹೊಲ ಮನೆ ಕೈಗೆ ಬಂದ ಮೇಲೆ 'ಹನುಮಂತಪ್ಪಗೌಡ್ರು'. ಹಲ್ಲು ಬಿದ್ದ ಮೇಲೆ ಹೆಸರೂ ಹೋಗಿ ಬರೀ 'ಹಿರೇಗೌಡ್ರು'. ಎರಿಕ್ಸನ್‌ನ ಕೋಷ್ಟಕವನ್ನು ಈ ಹೆಸರಿನ ಬಾಲದ ಪಕ್ಕದಲ್ಲಿಟ್ಟು ನೋಡಿದರೆ ಸರಿಯಾಗಿ ಕೂಡುತ್ತದೆ. ವಯಸ್ಸು ಒಂದು ಮೆಟ್ಟಿಲು ಏರಿದಂತೆ ವ್ಯಾಕರಣವೂ ಏರುತ್ತದೆ.

ಕೇರಿಯ ಹನುಮಂತ ಏಳು ವರ್ಷದವನಿದ್ದಾಗ ಊರಿಗೆ 'ಹನುಮ್ಯಾ'. ಇಪ್ಪತ್ತಕ್ಕೂ ಹನುಮ್ಯಾ. ನಾಲ್ಕು ಮಕ್ಕಳ ತಂದೆಯಾದಾಗಲೂ ಹನುಮ್ಯಾ. ನಾನು ಹುಡುಗನಾಗಿದ್ದಾಗ ಕಂಡದ್ದು: ಬೆನ್ನು ಬಾಗಿದ ಮುದುಕ ಒಂಬತ್ತು ವರ್ಷದ ಹುಡುಗನೆದುರು ಟವೆಲ್ಲು ಕೈಗೆ ತಗೊಂಡು ನಿಲ್ಲುತ್ತಿದ್ದ. "ಹನುಮ್ಯಾ, ದನ ಬಿಟ್ಟಿ ಏನಲೇ?" "ಬಿಟ್ಟೀನ್ರೀ ಸಣ್ಣ ಧಣಿ." ಹೆಂಗಸರ ಪಾಡು ಇನ್ನೂ ಒಂದು ಮಡಿಕೆ ಕೆಳಗೆ. ಊರೊಳಗಿನವಳು ಹನುಮವ್ವ ಆಗಿ, ಗೌಡಸಾನಿಯಾಗಿ ಕಣ್ಣುಮುಚ್ಚುತ್ತಾಳೆ. ಮೂರು ಹೆರಿಗೆ ಮಾಡಿಸಿದ ಕೈ ಕೇರಿಯ ಮುದುಕಿಯದಾದರೂ ಅವಳು 'ಹನುಮಿ'ಯೇ.

ಇಲ್ಲಿಗೇ ನಿಲ್ಲಿಸಿದರೆ ಅರ್ಧಸತ್ಯವಾಗುತ್ತದೆ. ಅದೇ ಮುದುಕ ಹೊತ್ತು ಮುಳುಗಿ ಕೇರಿಗೆ ಕಾಲಿಟ್ಟ ಕೂಡಲೇ 'ಹನುಮಪ್ಪ ಮಾವ', 'ಕಾಕಾ', 'ದೊಡ್ಡಪ್ಪ', 'ತಾತ'. ಗಂಡ ಹೆಂಡಿರ ಜಗಳಕ್ಕೆ ಅವನ ಮಾತೇ ಕೊನೆಯದು. ಹೆಣ್ಣು ನೋಡಲು ಹೋಗುವಾಗ ಅವನು ಮುಂದೆ. ಸತ್ತ ಮನೆಯಲ್ಲಿ ಅವನು ಬರುವ ತನಕ ಹೆಣ ಏಳುವುದಿಲ್ಲ. ಎರಿಕ್ಸನ್ ಹೇಳುವ ಏಳನೆಯ, ಎಂಟನೆಯ ಹಂತಗಳೆಲ್ಲ ಕೇರಿಯೊಳಗೆ ಪೂರ್ತಿಯಾಗಿಯೇ ಇದ್ದವು. ಅಂದರೆ ಆ ಮನುಷ್ಯನ ವಯಸ್ಸು ದಿನಕ್ಕೆ ಎರಡು ಸಲ ಬದಲಾಗುತ್ತಿತ್ತು. ಬೆಳಿಗ್ಗೆ ಅಗಸಿ ದಾಟುವಾಗ ಎಪ್ಪತ್ತರಿಂದ ಏಳಕ್ಕೆ ಇಳಿಯುತ್ತಿದ್ದ, ಸಂಜೆ ಏಳರಿಂದ ಎಪ್ಪತ್ತಕ್ಕೆ ಏರುತ್ತಿದ್ದ. ಈ ಇಳಿದು ಏರುವ ದುಡಿಮೆಗೆ ಯಾವ ಕೂಲಿಯ ಲೆಕ್ಕವೂ ಇಲ್ಲ, ಯಾವ ಮನೋವಿಜ್ಞಾನದ ಪುಸ್ತಕದಲ್ಲೂ ನಾನು ಅದರ ಹೆಸರನ್ನು ಕಂಡಿಲ್ಲ. ಆದರೆ ದಲಿತ ಮನಸ್ಸಿನ ರಚನೆ ಅಲ್ಲೇ ಇದೆ ಎಂಬುದು ನನ್ನ ಗ್ರಹಿಕೆ.

೪

ಇದು ಹಳ್ಳಿಯ ಒರಟುತನ ಮಾತ್ರವೆಂದು ಯಾರಾದರೂ ಹೇಳಿದರೆ ಮನುಸ್ಮೃತಿಯ ಎರಡನೆಯ ಅಧ್ಯಾಯವನ್ನು ತೆರೆದು ತೋರಿಸಬೇಕು. ಬ್ರಾಹ್ಮಣನ ಹೆಸರು ಮಂಗಳಕರವಾಗಿರಬೇಕು, ಕ್ಷತ್ರಿಯನದು ಬಲವನ್ನೂ ವೈಶ್ಯನದು ಧನವನ್ನೂ ಸೂಚಿಸಬೇಕು, ಶೂದ್ರನ ಹೆಸರು ಹೇಸಿಗೆ ಹುಟ್ಟಿಸುವಂತಿರಬೇಕು ಎಂದು ಅಲ್ಲಿ ವಿಧಿಯಿದೆ. ಹತ್ತು ವರ್ಷದ ಬ್ರಾಹ್ಮಣ ಮತ್ತು ನೂರು ವರ್ಷದ ಕ್ಷತ್ರಿಯ ತಂದೆಮಕ್ಕಳಿದ್ದಂತೆ, ಅವರಲ್ಲಿ ತಂದೆ ಬ್ರಾಹ್ಮಣನೇ ಎಂದಿದೆ. ಶೂದ್ರನಿಗೆ ಮರ್ಯಾದೆ ಸಲ್ಲುವುದು ತೊಂಬತ್ತು ದಾಟಿದ ಮೇಲೆ. ಪಂಚಮನ ಮಾತಂತೂ ಆ ಲೆಕ್ಕದಲ್ಲೇ ಬರುವುದಿಲ್ಲ. ನಮ್ಮೂರಿನ 'ಸಣ್ಣ ಧಣಿ' ಮನುವನ್ನು ಓದಿರಲಿಲ್ಲ, ಓದುವ ಅಗತ್ಯವೂ ಅವನಿಗೆ ಇರಲಿಲ್ಲ.

ಆಯುಷ್ಯವನ್ನು ಹಂತಗಳಾಗಿ ಭಾಗಿಸುವ ಕಲ್ಪನೆ ಭಾರತಕ್ಕೆ ಹೊಸದಲ್ಲ ಎಂದು ಹೇಳುವವರಿದ್ದಾರೆ. ಎರಿಕ್ಸನ್‌ನ ಜೊತೆ ಕೆಲಸ ಮಾಡಿದ ಸುಧೀರ್ ಕಾಕರ್ ೧೯೬೮ರ ಒಂದು ಲೇಖನದಲ್ಲಿ ಈ ಎಂಟು ಹಂತಗಳನ್ನು ಆಶ್ರಮಧರ್ಮದ ಜೊತೆ ಹೋಲಿಸಿದರು. ಬ್ರಹ್ಮಚರ್ಯ, ಗಾರ್ಹಸ್ಥ್ಯ, ವಾನಪ್ರಸ್ಥ, ಸಂನ್ಯಾಸ. ಹೋಲಿಕೆ ಚೆಂದವಾಗಿಯೇ ಕೂಡುತ್ತದೆ. ಆದರೆ ಈ ಏಣಿಯ ಮೊದಲ ಮೆಟ್ಟಿಲು ಉಪನಯನ. ಅದಕ್ಕೂ ಜಾತಿವಾರು ವಯಸ್ಸಿದೆ: ಗರ್ಭದಿಂದ ಎಣಿಸಿ ಬ್ರಾಹ್ಮಣನಿಗೆ ಎಂಟು, ಕ್ಷತ್ರಿಯನಿಗೆ ಹನ್ನೊಂದು, ವೈಶ್ಯನಿಗೆ ಹನ್ನೆರಡು. ಶೂದ್ರನಿಗೆ ಉಪನಯನವಿಲ್ಲ, ಹೆಣ್ಣಿಗೂ ಇಲ್ಲ. ಮೊದಲ ಮೆಟ್ಟಿಲೇ ಇಲ್ಲದವರಿಗೆ ಉಳಿದ ಮೂರರ ಸೌಂದರ್ಯವನ್ನು ವಿವರಿಸಿ ಏನು ಪ್ರಯೋಜನ? ಎರಿಕ್ಸನ್ ಸ್ವತಃ ಭಾರತಕ್ಕೆ ಬಂದು ಅಹಮದಾಬಾದಿನ ೧೯೧೮ರ ಗಿರಣಿ ಮುಷ್ಕರವನ್ನು ಹಿಡಿದು ಗಾಂಧಿಯ ಬಗ್ಗೆ ದೊಡ್ಡ ಪುಸ್ತಕ ಬರೆದ. ೧೯೬೯ರಲ್ಲಿ ಬಂದ ಆ ಪುಸ್ತಕಕ್ಕೆ ಪುಲಿಟ್ಜರ್ ಪ್ರಶಸ್ತಿಯೂ ಬಂತು. ಅಂಬೇಡ್ಕರ್ ಬಗ್ಗೆ ಅಂಥ ಪುಸ್ತಕ ಅವನಿಂದ ಬರಲಿಲ್ಲ. ಬಂದಿದ್ದರೆ ಅವನ ಎಂಟನೆಯ ಹಂತದ ವ್ಯಾಖ್ಯೆ ಉಳಿಯುತ್ತಿತ್ತೇ ಎಂಬುದು ನನ್ನ ಅನುಮಾನ. ಆ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

೫

ಹರೆಯದ ಬಗ್ಗೆ ಬರೆಯುವಾಗ ಎರಿಕ್ಸನ್ 'ಮೊರಟೋರಿಯಂ' ಎಂಬ ಮಾತನ್ನು ಬಳಸುತ್ತಾನೆ. ಸಾಲದ ಕಂತು ಮುಂದೂಡುವುದಕ್ಕೆ ಬ್ಯಾಂಕಿನವರು ಹೇಳುತ್ತಾರಲ್ಲ, ಅದೇ ಮಾತು. ದೊಡ್ಡವರ ಹೊಣೆಗಳನ್ನು ಹೊರಿಸದೆ, ತಾನು ಯಾರು ಎಂದು ಹುಡುಕಿಕೊಳ್ಳಲು ಸಮಾಜ ಹರೆಯದವರಿಗೆ ಕೊಡುವ ಬಿಡುವು. ಈ ರೂಪಕ ಕೇರಿಗೆ ಬಂದ ಕೂಡಲೇ ತಲೆಕೆಳಗಾಗುತ್ತದೆ. ಯಾಕೆಂದರೆ ಜೀತದ ಪದ್ಧತಿಯಲ್ಲಿ ಹುಡುಗನನ್ನು ಧಣಿಯ ಮನೆಗೆ ಬಿಡುತ್ತಿದ್ದುದೇ ಅಪ್ಪನ ಸಾಲಕ್ಕೆ. ಕಂತು ಮುಂದೂಡುವ ಮಾತು ದೂರ ಉಳಿಯಿತು, ಆ ಹುಡುಗನೇ ಕಂತು. ೧೯೭೬ರಲ್ಲಿ ಜೀತ ನಿರ್ಮೂಲನೆಯ ಕಾಯ್ದೆ ಬಂತು. ಬಂದ ಮೇಲೂ ಆ ಪದ್ಧತಿ ಬೇರೆ ಬೇರೆ ಹೆಸರಿನಲ್ಲಿ ಉಸಿರಾಡುತ್ತ ಉಳಿದದ್ದು ಹೋರಾಟಗಾರರಿಗೆ ನಾನು ಹೇಳಬೇಕಾದ ಸಂಗತಿಯಲ್ಲ.

ನಾಲ್ಕನೆಯ ಹಂತವನ್ನು ನೋಡಿ. ಆರರಿಂದ ಹನ್ನೆರಡರ ವಯಸ್ಸಿನಲ್ಲಿ ಮಗು ತನ್ನ ಸಮಾಜದ ಸಲಕರಣೆಗಳನ್ನು ಬಳಸಲು ಕಲಿಯುತ್ತದೆ, ಕಲಿಯಲಾರದೆ ಹೋದರೆ ಕೀಳರಿಮೆ ಹುಟ್ಟುತ್ತದೆ ಎನ್ನುತ್ತಾನೆ ಎರಿಕ್ಸನ್. ನಮ್ಮ ಜಿಲ್ಲೆಯ ಹತ್ತಿ ಬೀಜದ ಹೊಲಗಳಲ್ಲಿ 'ಕ್ರಾಸ್ ಮಾಡೋದು' ಎಂಬ ಕೆಲಸವಿದೆ. ಮಧ್ಯಾಹ್ನದ ಮೇಲೆ, ಮರುದಿನ ಅರಳಲಿರುವ ಮೊಗ್ಗನ್ನು ಗುರುತಿಸಿ, ಅದರ ಗಂಡುಭಾಗವನ್ನು ಉಗುರಿನಿಂದ ಬಿಡಿಸಿ ತೆಗೆಯಬೇಕು, ಶಲಾಕೆ ಮುರಿಯಬಾರದು. ಮರುದಿನ ಬೆಳಿಗ್ಗೆ ಬೇರೆ ತಳಿಯ ಹೂವಿನ ಪರಾಗವನ್ನು ಅದಕ್ಕೆ ಸವರಬೇಕು. ಸಣ್ಣ ಬೆರಳು ಬೇಕು, ಬಾಗಿದರೆ ಸೊಂಟ ನೋಯದ ವಯಸ್ಸು ಬೇಕು ಎಂಬ ನೆಪದಲ್ಲಿ ಈ ಕೆಲಸಕ್ಕೆ ಹಾಕುತ್ತಿದ್ದುದು ಹುಡುಗಿಯರನ್ನು. ಸಸ್ಯಶಾಸ್ತ್ರದ ಪದವಿಯವರಿಗೂ ಕೈ ನಡುಗುವ ಈ ಕೆಲಸವನ್ನು ನಮ್ಮ ಕೇರಿಯ ಹತ್ತು ವರ್ಷದ ಹುಡುಗಿಯರು ದಿನಕ್ಕೆ ನೂರಾರು ಹೂವಿಗೆ ಮಾಡುತ್ತಿದ್ದರು. ಇವರಿಗೆ ಕೆಲಸದ ಹುರುಪು ಕಡಿಮೆಯಿತ್ತೇ? ಕೈಚಳಕವಿರಲಿಲ್ಲವೇ? ಆದರೂ ಶಾಲೆಯಲ್ಲಿ ಇವರ ಹೆಸರಿನ ಮುಂದೆ ಗೈರುಹಾಜರಿ ಎಂಬ ಗುರುತು, ಬಾಯಿಗೆ ಬಂದ ಪಟ್ಟ 'ದಡ್ಡಿ'. ಕೀಳರಿಮೆ ಇಲ್ಲಿ ಬರುವುದು ಅಸಾಮರ್ಥ್ಯದಿಂದಲ್ಲ. ಇರುವ ಸಾಮರ್ಥ್ಯವನ್ನು ಸಾಮರ್ಥ್ಯವೆಂದು ಎಣಿಸದೆ ಇರುವುದರಿಂದ ಬರುತ್ತದೆ. ಕೋಷ್ಟಕದ ಎರಡೂ ಬದಿಗಳು ಒಂದೇ ಮಗುವಿನಲ್ಲಿ ಒಟ್ಟಿಗೇ ನಿಜವಾಗಿರುತ್ತವೆ.

ಐದನೆಯ ಹಂತಕ್ಕೆ ಬಂದರೆ ಮಾತು ಇನ್ನೂ ಕಷ್ಟ. ಎರಿಕ್ಸನ್‌ನ ದಾರಿಯಲ್ಲಿ ಮುಂದುವರಿದ ಜೇಮ್ಸ್ ಮಾರ್ಸಿಯಾ ೧೯೬೬ರಲ್ಲಿ, ಹುಡುಕಾಟ ನಡೆಯುವ ಮುನ್ನವೇ ಬಾಗಿಲು ಮುಚ್ಚಿಹೋದ ಅನನ್ಯತೆಯ ಬಗ್ಗೆ ಬರೆದ. ಮನೆಯವರು ಹೇಳಿದ್ದನ್ನೇ ತನ್ನ ಗುರುತೆಂದು ಒಪ್ಪಿಕೊಳ್ಳುವ ಹರೆಯದವರು ಅವನ ಕಣ್ಣ ಮುಂದಿದ್ದವರು. ರಾಯಚೂರು, ಕೊಪ್ಪಳ, ಬಳ್ಳಾರಿಯ ಕೇರಿಗಳಲ್ಲಿ ಮೈನೆರೆಯುವ ಮೊದಲೇ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳ ಮುಂದೆ ಆ ಮಾತು ತೀರಾ ಸಪ್ಪೆಯಾಗುತ್ತದೆ. ದೇವದಾಸಿ ಪದ್ಧತಿಯನ್ನು ನಿಷೇಧಿಸುವ ಕರ್ನಾಟಕದ ಕಾಯ್ದೆ ೧೯೮೨ರದು. ಯಾರ ಜೊತೆ ಆತ್ಮೀಯಳಾಗಬೇಕು ಎಂಬ ಆರನೆಯ ಹಂತದ ಪ್ರಶ್ನೆಯನ್ನು, ಪ್ರಶ್ನೆ ಏನೆಂದು ಗೊತ್ತಾಗುವ ಮೊದಲೇ ದೇವರ ಹೆಸರಿನಲ್ಲಿ ಬೇರೆಯವರು ತೀರ್ಮಾನಿಸಿ ಮುಗಿಸಿದ್ದರು. ನಮ್ಮ ವಿಮರ್ಶೆ 'ದಲಿತ ಅನನ್ಯತೆ' ಎಂದು ಸುಲಭವಾಗಿ ಬರೆಯುವಾಗ ಈ ಹೆಣ್ಣುಮಕ್ಕಳನ್ನು ಯಾವ ಸಾಲಿನಲ್ಲಿ ನಿಲ್ಲಿಸಿದ್ದೇವೆ ಎಂದು ಕೇಳಿಕೊಳ್ಳಬೇಕು.

೬

ಈಗ ಸಾಹಿತ್ಯಕ್ಕೆ ಬರುತ್ತೇನೆ. ದಲಿತ ಆತ್ಮಕಥೆಗಳಲ್ಲಿ ಘಟನೆಗಳಿವೆ, ವ್ಯಕ್ತಿತ್ವದ ವಿಕಾಸವಿಲ್ಲ. ನೋವಿನ ಪಟ್ಟಿ ಇದೆ, ಒಳಗಿನ ಬೆಳವಣಿಗೆ ಇಲ್ಲ. ಈ ಮಾತನ್ನು ನಾನು ಒಂದಕ್ಕಿಂತ ಹೆಚ್ಚು ವಿಚಾರ ಸಂಕಿರಣಗಳಲ್ಲಿ ಕೇಳಿದ್ದೇನೆ. ಹೇಳುವವರು ಕೆಟ್ಟವರೇನಲ್ಲ. ಅವರ ಕೈಯಲ್ಲಿರುವ ಅಳತೆಗೋಲು ನವ್ಯದ್ದು. ಆ ಕೋಲು ಒಂದು ಬಗೆಯ ಎರಿಕ್ಸನ್‌ನ ಕೋಷ್ಟಕವೇ. ನಾಯಕನಿಗೆ ಬಿಕ್ಕಟ್ಟು ಬರಬೇಕು, ಅವನು ತನ್ನೊಳಗೆ ಇಳಿಯಬೇಕು, ಬೇರೆಯವನಾಗಿ ಹೊರಬರಬೇಕು.

ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ'ವನ್ನು (೧೯೬೫) ಈ ಬೆಳಕಿನಲ್ಲಿ ಮತ್ತೆ ಓದಿ. ಪ್ರಾಣೇಶಾಚಾರ್ಯನ ಬಿಕ್ಕಟ್ಟು ಕನ್ನಡದ ದೊಡ್ಡ ಬಿಕ್ಕಟ್ಟುಗಳಲ್ಲಿ ಒಂದು, ಅದರಲ್ಲಿ ನನಗೆ ಸಂಶಯವಿಲ್ಲ. ಅವನು ಅಗ್ರಹಾರವನ್ನು ಬಿಟ್ಟು ದಾರಿ ಹಿಡಿಯುತ್ತಾನೆ, ಜಾತ್ರೆಯಲ್ಲಿ ಅಲೆಯುತ್ತಾನೆ, ತಾನು ಯಾರೆಂದು ಕೇಳಿಕೊಳ್ಳುತ್ತಾನೆ. ಅವನಿಗೆ ನಡುವಯಸ್ಸಿನಲ್ಲಿ ಒಂದು ಮೊರಟೋರಿಯಂ ಸಿಗುತ್ತದೆ. ಅದೇ ಕಾದಂಬರಿಯಲ್ಲಿ ಬೆಳ್ಳಿ ಇದ್ದಾಳೆ. ಪ್ಲೇಗು ಮೊದಲು ಹೊಕ್ಕದ್ದರಲ್ಲಿ ಅವಳ ಗುಡಿಸಲೂ ಒಂದು. ಅವಳ ತಂದೆತಾಯಿಯ ಹೆಣಗಳು ಗುಡಿಸಲಿನ ಜೊತೆಗೇ ಸುಟ್ಟುಹೋಗುತ್ತವೆ. ಒಂದು ಹೆಣದ ಸಂಸ್ಕಾರದ ಪ್ರಶ್ನೆ ಇಡೀ ಕಾದಂಬರಿಯನ್ನು ಕಟ್ಟುವಾಗ ಆ ಎರಡು ಹೆಣಗಳಿಗೆ ಯಾವ ಪ್ರಶ್ನೆಯೂ ಏಳುವುದಿಲ್ಲ. ಬೆಳ್ಳಿಗೆ ಒಳಲೋಕವಿಲ್ಲ ಎಂದಲ್ಲ. ಅವಳ ಒಳಲೋಕಕ್ಕೆ ಆ ಕಥನದಲ್ಲಿ ಬಿಡುವಿಲ್ಲ.

ಸಿದ್ಧಲಿಂಗಯ್ಯನವರ 'ಊರುಕೇರಿ'ಯ ಆರಂಭದಲ್ಲೇ ಒಂದು ದೃಶ್ಯ ಬರುತ್ತದೆ. ಹೊಲದಲ್ಲಿ ಇಬ್ಬರು ಮನುಷ್ಯರ ಹೆಗಲಿಗೆ ನೊಗ ಕಟ್ಟಿ ಉಳುತ್ತಿದ್ದಾರೆ. ಎತ್ತಿನ ಜಾಗದಲ್ಲಿರುವ ಅವರಲ್ಲಿ ಒಬ್ಬರು ನೋಡುತ್ತಿರುವ ಬಾಲಕನ ಅಪ್ಪ. ಮೂರನೆಯ ಹಂತದ ಮಗು ಅಪ್ಪನಂತಾಗಲು ಹಂಬಲಿಸುತ್ತದೆ ಎಂದು ಎರಿಕ್ಸನ್ ಬರೆದ. ಈ ಮಗು ಯಾರಂತಾಗಲು ಹಂಬಲಿಸಬೇಕು? ಲೇಖಕರು ಈ ದೃಶ್ಯದ ಮೇಲೆ ವ್ಯಾಖ್ಯಾನದ ಭಾರ ಹೇರುವುದಿಲ್ಲ, ಅಳುವುದೂ ಇಲ್ಲ. ಅಲ್ಲಿಂದ ಪುಸ್ತಕ ನಗುತ್ತ ಸಾಗುತ್ತದೆ. ಡಿ.ಆರ್. ನಾಗರಾಜ್ ಇದನ್ನು ಬಡವರ ನಗುವಿನ ಶಕ್ತಿ ಎಂದು ಗುರುತಿಸಿದರು. ನಾನು ಆ ಮಾತಿಗೆ ಒಂದನ್ನು ಸೇರಿಸಬಯಸುತ್ತೇನೆ. ಒಂದೇ ದಿನದಲ್ಲಿ ಎರಡು ವಯಸ್ಸು ಬದುಕುವವರಿಗೆ ಲೋಕದ ಗಾಂಭೀರ್ಯ ಹುಸಿಯಾಗಿ ಕಾಣುತ್ತದೆ. ಅಗಸಿಯ ಆಚೆ ಕೈಕಟ್ಟಿ ನಿಂತವನೇ ಈಚೆ ಬಂದು ನ್ಯಾಯ ಹೇಳುವುದನ್ನು ನೋಡಿ ಬೆಳೆದ ಮಗುವಿಗೆ ದೊಡ್ಡವರ ದೊಡ್ಡತನ ಒಂದು ವೇಷವೆಂದು ಬೇಗ ಗೊತ್ತಾಗುತ್ತದೆ. 'ಊರುಕೇರಿ'ಯ ನಗು ಹುಟ್ಟುವುದು ಈ ಗಡಿಯಲ್ಲಿ. ಪುಸ್ತಕದ ಹೆಸರಿನಲ್ಲೇ ಆ ಗಡಿ ಇದೆ. ಹಾಸ್ಟೆಲಿನಲ್ಲಿ ಬೆಳೆದು, ಸ್ಮಶಾನದಲ್ಲಿ ಕೂತು ಓದಿದ ಈ ಹುಡುಗನಿಗೆ ಬಿಡುವು ಸಿಕ್ಕದ್ದು ಅಲ್ಲಿಯೇ. ಅಂಬೇಡ್ಕರ್ ಅವರ ಬಹಿಷ್ಕೃತ ಹಿತಕಾರಿಣಿ ಸಭಾ ೧೯೨೫ರಲ್ಲಿ ಸೊಲ್ಲಾಪುರದಲ್ಲಿ ಹಾಸ್ಟೆಲು ತೆರೆದದ್ದು ಯಾಕೆ ಎಂದು ಈಗ ಇನ್ನಷ್ಟು ಅರ್ಥವಾಗುತ್ತದೆ. ಬೇರೆಯವರಿಗೆ ಸಮಾಜ ತಾನಾಗಿ ಕೊಡುವ ಮೊರಟೋರಿಯಂ ನಮಗೆ ಹೋರಾಡಿ ಕಟ್ಟಿಕೊಳ್ಳಬೇಕಾದ ಕಟ್ಟಡ. ಎಪ್ಪತ್ತರ ದಶಕದ ದಲಿತ ಚಳವಳಿಗೆ ಹಾಸ್ಟೆಲುಗಳಿಂದ ಹುಡುಗರು ಬಂದದ್ದು ಸಹಜವೇ.

ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' (೧೯೯೪) ಹೆಸರಿನ ಪ್ರಶ್ನೆಯನ್ನೇ ಮುಖಪುಟಕ್ಕೆ ತಂದಿತು. ಮೀಸಲಾತಿಯಲ್ಲಿ ಮೇಲೆ ಬಂದವರನ್ನು ಚುಚ್ಚಲು ಬಳಸುವ ಮಾತದು. ಎರಿಕ್ಸನ್ ಹೊಸ ಹೆಸರನ್ನು ತಾನೇ ಆರಿಸಿಕೊಂಡ. ನಮ್ಮ ಲೇಖಕರು ಎದುರಾಳಿ ಎಸೆದ ಹೆಸರನ್ನೇ ಹಿಡಿದು ತಿರುಗಿಸಿ ಇಟ್ಟರು. ಕೀಳು ಚಿತ್ರವನ್ನು ಹೊರುವುದಕ್ಕೂ ಅದನ್ನು ಎತ್ತಿ ಲೋಕಕ್ಕೆ ತೋರಿಸುವುದಕ್ಕೂ ಇರುವ ಅಂತರ ಇಲ್ಲಿದೆ. 'ನೇತ್ಯಾತ್ಮಕ ಅನನ್ಯತೆ' ಎಂಬ ಪರಿಕಲ್ಪನೆಗೆ ಈ ಎರಡನೆಯ ಸಾಧ್ಯತೆ ಅಷ್ಟಾಗಿ ಕಂಡಿರಲಿಲ್ಲ.

ದೇವನೂರ ಮಹಾದೇವರ 'ಒಡಲಾಳ' ಆತ್ಮಕಥೆಯಲ್ಲ. ಆದರೂ ಮುಪ್ಪಿನ ಹಂತದ ಬಗ್ಗೆ ಕನ್ನಡದಲ್ಲಿ ಅದಕ್ಕಿಂತ ದೊಡ್ಡ ಪಠ್ಯ ನನಗೆ ಗೊತ್ತಿಲ್ಲ. ಎರಿಕ್ಸನ್‌ನ ಮುದುಕರು ಕೂತು ಹಿಂದಿರುಗಿ ನೋಡುತ್ತಾರೆ. ಸಾಕವ್ವನಿಗೆ ಹಿಂದೆ ನೋಡಲು ಪುರುಸೊತ್ತಿಲ್ಲ, ಅವಳ ಹುಂಜ ಕಳೆದುಹೋಗಿದೆ, ಅದನ್ನು ಹುಡುಕಬೇಕು. ಕದ್ದು ತಂದ ಕಡಲೆಕಾಯಿಯನ್ನು ಇಡೀ ಮನೆ ರಾತ್ರಿ ಸುತ್ತ ಕೂತು ತಿನ್ನುವಾಗ ಮುದುಕಿಯೂ ಮೊಮ್ಮಕ್ಕಳೂ ಒಂದೇ ವಯಸ್ಸಿನವರಾಗುತ್ತಾರೆ. ಹಸಿವು ಹಂತಗಳನ್ನು ಅಳಿಸುತ್ತದೆ ಎಂದು ಒಂದೇ ಸಾಲಿನಲ್ಲಿ ಹೇಳಿಬಿಡಬಹುದು. ಆದರೆ ಅದೇ ಗುಡಿಸಲಿನಲ್ಲಿ ಗೌರಿ ಗೋಡೆಯ ಮೇಲೆ ನವಿಲು ಬಿಡಿಸುತ್ತಿರುತ್ತಾಳೆ. ಹಸಿವಿನ ಜೊತೆಗೇ ನವಿಲನ್ನೂ ಓದುವ ಕಣ್ಣು ವಿಮರ್ಶೆಗೆ ಬೇಕು.

ಹೆಣ್ಣಿನ ಬರಹಕ್ಕೆ ಬಂದರೆ ನೆರೆಯ ಮರಾಠಿಯ ಬೇಬಿ ಕಾಂಬಳೆಯವರನ್ನು ನೆನೆಯಬೇಕು. ತಮ್ಮ 'ಜಿಣ ಆಮುಚ' (೧೯೮೬) ಬರಹವನ್ನು ಗಂಡನಿಗೂ ಮನೆಯವರಿಗೂ ಕಾಣದಂತೆ ಇಪ್ಪತ್ತು ವರ್ಷ ಬಚ್ಚಿಟ್ಟಿದ್ದೆನೆಂದು ಅವರೇ ಹೇಳಿಕೊಂಡರು. ಏಣಿಯ ಮೆಟ್ಟಿಲನ್ನು ಊರು ಕಸಿದರೆ, ಕೇರಿಯೊಳಗಿನ ಗಂಡಸು ಇನ್ನೊಂದನ್ನು ಕಸಿದುಕೊಂಡಿದ್ದಾನೆ. ಕೇರಿಯೊಳಗೆ ವಯಸ್ಸು ಪೂರ್ತಿಯಾಗಿತ್ತು ಎಂದು ಮೇಲೆ ನಾನು ಬರೆದ ಸಾಲು ಗಂಡಸಿನ ಸಾಲು. ಅದನ್ನು ಅಳಿಸುವುದಿಲ್ಲ, ತಿದ್ದುಪಡಿಯನ್ನು ಇಲ್ಲಿ ದಾಖಲಿಸುತ್ತೇನೆ.

೭

ಎಂಟನೆಯ ಹಂತಕ್ಕೆ ಬರುತ್ತೇನೆ ಎಂದಿದ್ದೆ. ತನ್ನ ಬದುಕು ಹೀಗೆಯೇ ಆಗಬೇಕಾಗಿತ್ತು, ಇದಕ್ಕೆ ಬದಲಿ ಇರಲಿಲ್ಲ ಎಂದು ಒಪ್ಪಿಕೊಳ್ಳುವುದೇ ಮುಪ್ಪಿನ ಸಮಗ್ರತೆ ಎಂಬುದು ಎರಿಕ್ಸನ್‌ನ ನಿಲುವು. ಒಪ್ಪಿಕೊಳ್ಳಲಾಗದವರು ಹತಾಶರು. ಪಶ್ಚಿಮದ ಓದುಗನಿಗೆ ಇದು ವಿವೇಕದ ಮಾತಾಗಿ ಕೇಳಬಹುದು. ನಮ್ಮ ಕಿವಿಗೆ ಇದು ಹಳೆಯ ಪರಿಚಿತ ಮಾತು. ಇದೇ ಮಾತನ್ನು ಪುರೋಹಿತಶಾಹಿ ಕರ್ಮವೆಂಬ ಹೆಸರಿನಲ್ಲಿ ಸಾವಿರಾರು ವರ್ಷ ಹೇಳಿದೆ: ನಿನ್ನ ಬದುಕು ಹೀಗೆಯೇ ಆಗಬೇಕಿತ್ತು, ಒಪ್ಪಿಕೋ.

ಅಂಬೇಡ್ಕರರ ಬದುಕನ್ನು ಈ ಕೋಷ್ಟಕದ ಎದುರು ಹಿಡಿಯೋಣ. 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಅವರೇ ಬರೆದಿರುವಂತೆ, ೧೯೦೧ರಲ್ಲಿ ಹತ್ತರ ಆಸುಪಾಸಿನ ಬಾಲಕ ಅಪ್ಪನನ್ನು ನೋಡಲು ಹೊರಟು ಮಸೂರ್ ರೈಲು ನಿಲ್ದಾಣದಲ್ಲಿ ಇಳಿಯುತ್ತಾನೆ. ಒಳ್ಳೆಯ ಬಟ್ಟೆ ತೊಟ್ಟ ಮಕ್ಕಳು ಮಹಾರರೆಂದು ತಿಳಿದ ಕೂಡಲೇ ಸ್ಟೇಷನ್ ಮಾಸ್ತರ ಹಿಂದೆ ಸರಿಯುತ್ತಾನೆ. ದುಪ್ಪಟ್ಟು ಬಾಡಿಗೆ ಕೊಟ್ಟು, ಗಾಡಿಯನ್ನು ಮಕ್ಕಳೇ ಹೊಡೆದುಕೊಂಡು, ಕುಡಿಯುವ ನೀರಿಲ್ಲದೆ ರಾತ್ರಿ ಕಳೆಯುತ್ತಾರೆ. ನಾಲ್ಕನೆಯ ಹಂತದ ಹುಡುಗನಿಗೆ ಅವತ್ತೇ ಗಾಡಿ ಹೊಡೆಯುವ ದೊಡ್ಡವರ ಹೊಣೆ. ಮುಂದೆ ಕೊಲಂಬಿಯಾದಲ್ಲಿ ಓದಿ ಬಂದ ಯುವಕ ಬರೋಡಾದಲ್ಲಿ ಅಧಿಕಾರಿಯಾಗುತ್ತಾನೆ, ಇರಲು ಮನೆ ಸಿಗದೆ ಪಾರ್ಸಿ ವಸತಿಗೃಹ ಸೇರುತ್ತಾನೆ, ಹನ್ನೊಂದನೆಯ ದಿನ ಬಡಿಗೆ ಹಿಡಿದವರು ಬಂದು ಖಾಲಿ ಮಾಡಿಸುತ್ತಾರೆ. ಅನನ್ಯತೆಯ ಹಂತ ಅವರಿಗೆ ಎಂದು ಮುಗಿಯಿತು? ೧೯೨೭ರ ಡಿಸೆಂಬರ್ ೨೫ರಂದು ಮಹಾಡ್‌ನಲ್ಲಿ ಮನುಸ್ಮೃತಿ ಸುಟ್ಟಾಗಲೋ? ಹಿಂದೂವಾಗಿ ಸಾಯುವುದಿಲ್ಲವೆಂದು ೧೯೩೫ರಲ್ಲಿ ಯೇವಲಾದಲ್ಲಿ ಹೇಳಿದಾಗಲೋ? ಕೊನೆಗೆ ೧೯೫೬ರ ಅಕ್ಟೋಬರ್ ೧೪ರಂದು ನಾಗಪುರದಲ್ಲಿ, ಅರವತ್ತೈದನೆಯ ವಯಸ್ಸಿನಲ್ಲಿ, ಕಾಯಿಲೆಯ ಮೈಯಲ್ಲಿ ಲಕ್ಷಾಂತರ ಜನರ ಜೊತೆ ಬೌದ್ಧರಾದರು. ಎರಡು ತಿಂಗಳು ತುಂಬುವ ಮೊದಲೇ, ಡಿಸೆಂಬರ್ ೬ರಂದು ತೀರಿಕೊಂಡರು.

ಎರಿಕ್ಸನ್‌ನ ಲೆಕ್ಕದಲ್ಲಿ ಇದು ಬದುಕನ್ನು ಒಪ್ಪಿಕೊಳ್ಳಬೇಕಾದ ವಯಸ್ಸು. ಅಂಬೇಡ್ಕರ್ ಅದೇ ವಯಸ್ಸಿನಲ್ಲಿ ತಮ್ಮ ಹುಟ್ಟನ್ನೇ ನಿರಾಕರಿಸಿದರು. ಇದನ್ನು ಹತಾಶೆ ಎನ್ನುವ ಧೈರ್ಯ ಯಾರಿಗಿದೆ? ಅಲ್ಲಿದ್ದ ಸಮಗ್ರತೆ ನಿರಾಕರಣೆಯಿಂದ ಬಂದದ್ದು. ಬದುಕು ಹೀಗೆ ಆಗಬೇಕಾಗಿರಲಿಲ್ಲ ಎಂದು ಕೊನೆಯುಸಿರಿನ ತನಕ ಹೇಳುವುದು ಒಂದು ಪ್ರೌಢ ಮನಸ್ಸಿನ ಲಕ್ಷಣವಾಗಬಲ್ಲದು ಎಂಬುದಕ್ಕೆ ಈ ಕೋಷ್ಟಕದಲ್ಲಿ ಅಂಕಣವಿಲ್ಲ. ದಲಿತ ಆತ್ಮಕಥೆಗಳು ನೆಮ್ಮದಿಯಲ್ಲಿ ಮುಗಿಯುವುದಿಲ್ಲ, ಕೊನೆಯಾಗುವುದೇ ಇಲ್ಲ ಎಂಬ ದೂರನ್ನು ಇದರ ಜೊತೆಗಿಟ್ಟು ಓದಬೇಕು.

ನಮ್ಮೂರಿನ ತಾಲ್ಲೂಕು ಕೇಂದ್ರವಾದ ಮಸ್ಕಿಯ ಬಂಡೆಯ ಮೇಲೆ ಅಶೋಕನ ಶಾಸನವಿದೆ. ೧೯೧೫ರಲ್ಲಿ ಗಣಿ ಇಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದದ್ದು. ದೇವಾನಾಂಪ್ರಿಯನೆಂದರೆ ಅಶೋಕನೇ ಎಂದು ತಿಳಿಯಲು ನೆರವಾಯಿತೆಂದು ಪಠ್ಯಪುಸ್ತಕಗಳು ಅದನ್ನು ಹೊಗಳುತ್ತವೆ. ನನಗೆ ಅದರ ಇನ್ನೊಂದು ಮಾತು ದೊಡ್ಡದು. ಧಮ್ಮದ ದಾರಿಯಲ್ಲಿ ಸಣ್ಣವನೂ ಅದೇ ಎತ್ತರಕ್ಕೆ ಏರಬಲ್ಲ, ದೊಡ್ಡವರಿಗೆ ಮಾತ್ರ ಅದು ಮೀಸಲೆಂದು ತಿಳಿಯಬಾರದು ಎಂಬ ಅರ್ಥದ ಮಾತು ಅಲ್ಲಿದೆ. ಸಣ್ಣವನು ದೊಡ್ಡವನಾಗಬಹುದು ಎಂದು ಎರಡು ಸಾವಿರ ವರ್ಷಗಳ ಹಿಂದೆ ಕಲ್ಲಿನ ಮೇಲೆ ಕೊರೆದ ಸೀಮೆಯಲ್ಲೇ ನಮ್ಮ ಮುದುಕರು ಹನುಮ್ಯಾ ಆಗಿ ಸತ್ತರು.

೮

ಕೊನೆಯದಾಗಿ ನನ್ನ ಮಾತು. ಉಪನ್ಯಾಸಕನಾದ ಮೇಲೆ ಒಮ್ಮೆ ಅಪ್ಪನ ಜೊತೆ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಊರಿನ ಹಿರಿಯರೊಬ್ಬರು ಬಂದರು. "ಏನ್ರೀ ಸರ್, ಯಾವಾಗ ಬಂದ್ರಿ? ಆರಾಮ್ರೀ?" ಎಂದರು. ಅದೇ ಉಸಿರಿನಲ್ಲಿ ಅಪ್ಪನ ಕಡೆ ತಿರುಗಿ, "ಏನಲೇ, ಮಗ ಬಂದಾನಂತ ಹೊಲದ ಕಡೆ ಬರೋದೇ ಬಿಟ್ಟೀ ಏನು?" ಎಂದರು. ಅಪ್ಪ ನಕ್ಕ. ನಾನು, "ಆರಾಮ್ರೀ" ಎಂದೆ. ಅಷ್ಟೇ ಅಂದೆ. ಇಪ್ಪತ್ತೇಳರ ನನ್ನನ್ನು ಊರು ಎರಡೇ ವರ್ಷದಲ್ಲಿ ಮೆಟ್ಟಿಲು ಹತ್ತಿಸಿತ್ತು, ಐವತ್ತೈದರ ಅಪ್ಪ ಕೆಳಗೇ ನಿಂತಿದ್ದ. ಆ ಹೊತ್ತಿಗೆ ನಾನು ಅಪ್ಪನಿಗಿಂತ ದೊಡ್ಡವನಾಗಿದ್ದೆ, ಮತ್ತು ಅದನ್ನು ಒಪ್ಪಿಕೊಂಡಿದ್ದೆ. ಓದಿದ ದಲಿತರ ಅನನ್ಯತೆಯ ಬಿಕ್ಕಟ್ಟು ಎಂದು ನಾವು ಬರೆಯುವುದೆಲ್ಲ ಈ ಬಸ್ ನಿಲ್ದಾಣದಲ್ಲಿ ನಿಂತು ಉತ್ತರ ಕೊಡಬೇಕು.

ಕೇರಿಯೊಳಗೆ ಅವ್ವ ಈಗಲೂ ನನ್ನನ್ನು "ಲೇ, ಉಂಡು ಹೋಗಲೇ" ಎನ್ನುತ್ತಾಳೆ. ಅದೇ 'ಲೇ'. ಒಂದರಲ್ಲಿ ಸಲುಗೆ, ಇನ್ನೊಂದರಲ್ಲಿ ಒಡೆತನ. ಪಠ್ಯವನ್ನು ಓದುವವರಿಗೆ ಈ ಎರಡು 'ಲೇ'ಗಳ ನಡುವಿನ ಅಂತರ ಕೇಳಿಸಬೇಕು. ಕೇಳಿಸದಿದ್ದರೆ ಫ್ರಾಯ್ಡ್, ಎರಿಕ್ಸನ್, ಕಾಕರ್ ಯಾರೂ ನಮ್ಮ ನೆರವಿಗೆ ಬರಲಾರರು. ಕೇಳಿಸಿದರೆ ಅವರೆಲ್ಲರನ್ನೂ ಬಳಸಿಕೊಳ್ಳಬಹುದು. ಎಂಟು ಹಂತಗಳನ್ನು ನಾನು ತರಗತಿಯಿಂದ ತೆಗೆದುಹಾಕಬೇಕೆಂದು ಹೇಳುತ್ತಿಲ್ಲ. ಈ ಹಂತವನ್ನು ಇವನಿಗೆ ಯಾರು ಕೊಡಬೇಕು, ಯಾರು ತಡೆದರು ಎಂಬ ಮೂರನೆಯ ಅಂಕಣವೊಂದನ್ನು ಬೋರ್ಡಿನ ಮೇಲೆ ಸೇರಿಸಿ ಎನ್ನುತ್ತಿದ್ದೇನೆ.

ಆ ಹುಡುಗ ಈಗ ಎಲ್ಲೋ ಮೇಷ್ಟ್ರಾಗಿರಬೇಕು. ಅವನಿಗೆ ನನ್ನ ಉತ್ತರ ಇಷ್ಟು: ನಿಮ್ಮ ತಾತ ಎಂದೋ ದೊಡ್ಡಾವ ಆಗ್ಯಾನಪ್ಪ. ಊರಿಗೆ ಇನ್ನಾ ವಯಸ್ಸು ಬಂದಿಲ್ಲ.